ಫೋನಿನಲ್ಲಿ ಡಾಕ್ಟರು: ನಂಬಿದ್ದೆಷ್ಟು, ನಿಜವೆಷ್ಟು?

ಫೋನಿನಲ್ಲಿ ಔಷಧಿ ಹೇಳುವುದು ಕಾನೂನಿಗೆ ವಿರುದ್ಧ ಎಂದು ಈಗಲೂ ಹಲವರು ನಂಬಿದ್ದಾರೆ. ಈ ನಂಬಿಕೆಗೆ ಕಾರಣವಿಲ್ಲದಿಲ್ಲ. ಮಹಾರಾಷ್ಟ್ರದ ರತ್ನಾಗಿರಿಯಲ್ಲಿ ರೋಗಿಯೊಬ್ಬರಿಗೆ ಫೋನಿನಲ್ಲೇ ಚಿಕಿತ್ಸೆ ಸೂಚಿಸಿದ ಪ್ರಕರಣದಲ್ಲಿ, 2018ರಲ್ಲಿ ಬಾಂಬೆ ಹೈಕೋರ್ಟ್ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತು. ಆಮೇಲೆ ವೈದ್ಯರೇ ಫೋನೆತ್ತಲು ಹಿಂಜರಿದರು. ಆ ಗೊಂದಲಕ್ಕೆ ತೆರೆ ಎಳೆದದ್ದು 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ. ನೋಂದಾಯಿತ ವೈದ್ಯರು ವಿಡಿಯೊ, ಧ್ವನಿಕರೆ, ಬರಹ ಈ ಮೂರರಲ್ಲಿ ಯಾವುದರ ಮೂಲಕವಾದರೂ ಸಲಹೆ ಕೊಡಬಹುದು ಎಂದು ಅದು ಸ್ಪಷ್ಟವಾಗಿ ಹೇಳಿದೆ. ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು.

ದೂರದಿಂದಲೇ ಚಿಕಿತ್ಸೆ ಎಂಬುದು ಕೊರೊನಾ ಕಾಲದ ತೇಪೆ ಎನ್ನುವುದೂ ಸರಿಯಲ್ಲ. 2002ರಲ್ಲೇ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯದ ಜತೆ ಬೆಸೆದುಕೊಂಡಿದ್ದವು.

ಇನ್ನು ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟ ನಂಬಿಕೆ: ಡಾಕ್ಟರ ಎದುರು ಕೂತರೆ ಮಾತ್ರ ಸರಿಯಾದ ತಪಾಸಣೆ. ಇದರಲ್ಲಿ ಅರ್ಧ ಸತ್ಯವಿದೆ, ಹಾಗಾಗಿಯೇ ಬಿಡಿಸಿ ನೋಡಬೇಕು. ಎದುರು ಕೂತ ಮಾತ್ರಕ್ಕೆ ವೈದ್ಯರ ಕೈ ನಮ್ಮ ಮೈಮುಟ್ಟುತ್ತದೆ ಎಂದೇನಿಲ್ಲ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸುಮಾರು 22 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ದೇಶದ್ದೂ ಎರಡು ನಿಮಿಷದ ಆಸುಪಾಸು. ಅಷ್ಟರಲ್ಲಿ ಹೊಟ್ಟೆ ಒತ್ತಿ ನೋಡುವುದೆಲ್ಲಿ, ಎದೆಗೆ ಸ್ಟೆತಸ್ಕೋಪ್ ಇಡುವುದೆಲ್ಲಿ?

ಬಿಪಿ ಇರುವವರನ್ನೇ ತೆಗೆದುಕೊಳ್ಳಿ. ಮಾತ್ರೆ ಹೆಚ್ಚಿಸಬೇಕೋ ಬೇಡವೋ ಎಂದು ನಿರ್ಧರಿಸಲು ವೈದ್ಯರಿಗೆ ಬೇಕಿರುವುದು ಕೆಲವು ದಿನಗಳ ಅಳತೆ. ಬಸ್ಸಿಳಿದು, ಸಾಲಿನಲ್ಲಿ ನಿಂತು, ಆತಂಕದಲ್ಲೇ ತೋಳು ಚಾಚಿದಾಗ ಬರುವ ಒಂದೇ ಅಂಕಿ ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಮನೆಯಲ್ಲಿ ಬೆಳಿಗ್ಗೆ ಸಂಜೆ ಕುಳಿತು ನೋಡಿ ಬರೆದಿಟ್ಟ ಅಳತೆಗಳನ್ನು ಫೋನಿನಲ್ಲಿ ಓದಿ ಹೇಳಿದರೆ ಅದೇ ಹೆಚ್ಚು ಉಪಯುಕ್ತ. ಸಕ್ಕರೆ ಕಾಯಿಲೆಯ ಮರುಭೇಟಿ, ರಕ್ತಪರೀಕ್ಷೆಯ ವರದಿ ತೋರಿಸುವುದು, ಇವೂ ಹೀಗೆಯೇ. ಆದರೆ ಅದೇ ಸಕ್ಕರೆ ಕಾಯಿಲೆಯವರ ಪಾದದ ಸ್ಪರ್ಶಜ್ಞಾನವನ್ನು ವರ್ಷಕ್ಕೊಮ್ಮೆಯಾದರೂ ಮುಟ್ಟಿಯೇ ನೋಡಬೇಕು.

ಹಾಗೆಂದು ವಿಡಿಯೊ ಒಂದಿದ್ದರೆ ಎಲ್ಲ ಕಾಣುತ್ತದೆ ಎಂದುಕೊಳ್ಳುವುದು ಅಪಾಯಕಾರಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ರಕ್ತಹೀನತೆಯ ಬಿಳಿಚಿಕೆಯಾಗಲಿ ಕಾಮಾಲೆಯ ಹಳದಿಯಾಗಲಿ ನಿಚ್ಚಳವಾಗಿ ತಿಳಿಯುವುದಿಲ್ಲ. ಹೊಟ್ಟೆಯ ಬಲಭಾಗದ ಕೆಳಗೆ ನೋವೆಂದರೆ ಅಪೆಂಡಿಕ್ಸೋ ಅಲ್ಲವೋ ಎಂಬುದರ ಸುಳಿವು ಕೈಯಿಂದ ಒತ್ತಿದಾಗಲೇ ಸಿಗುವುದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಫೋನಿನಲ್ಲಿ ಮಾತಾಡುತ್ತ ಕೂರಬೇಡಿ, ಕೂಸನ್ನು ಎತ್ತಿಕೊಂಡು ಹೊರಡಿ. ಎದೆನೋವು, ಮುಖ ಸೊಟ್ಟಗಾಗುವುದು, ಉಸಿರುಕಟ್ಟುವುದು ಕಂಡರೆ ಮೊದಲು ಒತ್ತಬೇಕಾದ ಸಂಖ್ಯೆ 108.

ದೂರದ ತಜ್ಞರು ಎದೆನೋವಿಗೆ ಏನೂ ಮಾಡಲಾರರೇ? ಮಾಡಬಲ್ಲರು, ರೋಗಿಯ ಪಕ್ಕದಲ್ಲಿ ಬಲ್ಲವರಿದ್ದರೆ. ನಮ್ಮ ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ರೋಗಿ ತಾಲ್ಲೂಕು ಆಸ್ಪತ್ರೆಯಲ್ಲೇ ಇರುತ್ತಾರೆ. ಅಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡುತ್ತಾರೆ. ಹೃದಯಾಘಾತ ಖಚಿತವಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಮುಟ್ಟುವ ಕೈ ಇಲ್ಲಿದೆ, ಓದುವ ಕಣ್ಣು ಅಲ್ಲಿದೆ. ದೂರವೋ ಹತ್ತಿರವೋ ಎಂಬ ಜಗಳಕ್ಕೆ ಇಲ್ಲಿ ಜಾಗವೇ ಇಲ್ಲ.

ಇದೆಲ್ಲ ಸ್ಮಾರ್ಟ್‌ಫೋನ್ ಇರುವ ಪಟ್ಟಣದವರಿಗೆ ಎನ್ನುವವರಿಗೂ ಇದರಲ್ಲೇ ಉತ್ತರವಿದೆ. ಕೇಂದ್ರ ಸರ್ಕಾರದ ಇ-ಸಂಜೀವಿನಿಯಲ್ಲಿ ರೋಗಿಯೇ ಮನೆಯಿಂದ ಕರೆಮಾಡುವ ದಾರಿ ಒಂದು. ಇನ್ನೊಂದರಲ್ಲಿ ಊರಿನ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಪಿ, ಸಕ್ಕರೆ ನೋಡಿ, ವೈದ್ಯರಿಗೆ ಕರೆಮಾಡುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಗೆ ಫೋನ್ ಒತ್ತಲು ಬರಬೇಕಿಲ್ಲ. ನನ್ನ ಮಟ್ಟಿಗೆ ಈ ಎರಡನೆಯ ದಾರಿಯೇ ನಿಜವಾದ ಬಲ. ಆ ಹುದ್ದೆ ಖಾಲಿ ಬಿದ್ದ ಊರಿನಲ್ಲಿ ಎಂಥ ಆ್ಯಪ್ ಬಂದರೂ ಪ್ರಯೋಜನ ಅಷ್ಟಕ್ಕಷ್ಟೇ.

ಫೋನಿನಲ್ಲಿ ಮಾತಾಡಿದರೆ ಗುಟ್ಟು ಉಳಿಯುತ್ತದೆ ಎಂಬುದು ಎಲ್ಲರಿಗೂ ಅನ್ವಯಿಸದು. ಮನೆಗೆಲ್ಲ ಒಂದೇ ಫೋನು, ಅದೂ ಗಂಡನ ಕೈಯಲ್ಲಿ, ಅತ್ತೆ ಪಕ್ಕದಲ್ಲೇ ಎಂದಾದರೆ ಆ ಹೆಣ್ಣುಮಗಳು ಬಿಳಿಸೆರಗಿನ ಮಾತೆತ್ತುವುದು ಹೇಗೆ? ತೋಳಿನ ಮೇಲೆ ಮೂಡಿದ ಬಾಸುಂಡೆಯ ಕಥೆ ಹೇಳುವುದು ಹೇಗೆ? ಅಂಥವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯೇ ಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಮಾನಸಿಕ ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಂಜುವವರಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆ ಎಷ್ಟೋ ಸಲೀಸು. 2022ರಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ.

ಫೋನಿನಲ್ಲಿ ಯಾವ ಮಾತ್ರೆಯನ್ನಾದರೂ ಬರೆಸಿಕೊಳ್ಳಬಹುದು ಎಂಬುದೂ ಸುಳ್ಳು. ಷೆಡ್ಯೂಲ್ ಎಕ್ಸ್ ಔಷಧಿಗಳನ್ನೂ ಚಟ ಹಿಡಿಸುವ ಕೆಲವು ಮಾತ್ರೆಗಳನ್ನೂ ಹಾಗೆ ಬರೆಯುವಂತಿಲ್ಲ.

ಕೊನೆಯದಾಗಿ, 'ಖುದ್ದಾಗಿ ಬನ್ನಿ' ಎನ್ನುವುದು ಫೀಸಿನ ಆಸೆಗೆ ಎಂಬ ಅನುಮಾನ. ಫೋನಿನಲ್ಲಿ ಇಷ್ಟು ಸಾಲದು ಅನ್ನಿಸಿದರೆ ಕರೆ ನಿಲ್ಲಿಸಿ ರೋಗಿಯನ್ನು ಕರೆಸಿಕೊಳ್ಳುವುದು ವೈದ್ಯರ ಹೊಣೆ ಎಂದು ಮಾರ್ಗಸೂಚಿಯೇ ಹೇಳುತ್ತದೆ. ಬೇಡವೆನಿಸಿದರೆ ಕರೆ ಮುಗಿಸುವ ಹಕ್ಕು ರೋಗಿಗೂ ಇದೆ. ಬನ್ನಿ ಎಂದರೆ ಎಲ್ಲಿಗೆ, ಎಷ್ಟು ಹೊತ್ತಿನೊಳಗೆ, ಅಷ್ಟರಲ್ಲಿ ಏನಾದರೆ ಕಾಯದೆ ಹೊರಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ.