ಸಮಾಧಿಯಿಂದೇಳುವ ವಾಷಿಂಗ್ಟನ್

ಅಮೆರಿಕದ ಪ್ರಥಮಾಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್ 14ರಂದು ತೀರಿಕೊಂಡನು. ಫಿಲಡೆಲ್ಫಿಯಾದಲ್ಲಿ ನೆಲೆಸಿದ್ದ ಐರ್ಲೆಂಡಿನ ಚಿತ್ರಕಾರ ಜಾನ್ ಜೇಮ್ಸ್ ಬ್ಯಾರಲೆಟ್ ಎಂಬವನು ಕೆಲವೇ ವರ್ಷಗಳೊಳಗೆ ಅವನ ಸ್ಮರಣಾರ್ಥವಾಗಿ ಒಂದು ಅಚ್ಚುಚಿತ್ರವನ್ನು ಹೊರತಂದನು. ತಾಮ್ರದ ತಗಡಿನ ಮೇಲೆ ಚಿತ್ರವನ್ನು ಎಡಬಲ ತಿರುವಾಗಿ ಕೊರೆದು, ಕುಳಿಗಳಲ್ಲಿ ಶಾಯಿ ತುಂಬಿ, ಮೇಲೆ ಅಂಟಿದುದನ್ನು ಒರೆಸಿ, ಒದ್ದೆ ಕಾಗದವನ್ನಿಟ್ಟು ಒತ್ತುವುದು ಆ ಕಾಲದ ಪದ್ಧತಿ. ಶಿಲಾಪ್ರತಿಮೆ ಒಂದೂರಿನ ಸೊತ್ತು. ಅಚ್ಚುಚಿತ್ರವಾದರೋ ಮನೆಮನೆಯ ಗೋಡೆಯನ್ನು ಸೇರಬಲ್ಲುದು. ಈ ಚಿತ್ರವಂತೂ ಚೀನಾದ ಕ್ಯಾಂಟನ್ನಿನವರೆಗೂ ಹೋಯಿತು. ಅಲ್ಲಿಯ ಕುಶಲಿಗರು ಅದನ್ನು ಗಾಜಿನ ಮೇಲೆ ಬರೆದು ಅಮೆರಿಕದವರಿಗೇ ಮಾರಿದರು!

ಚಿತ್ರದಲ್ಲಿ ರೆಕ್ಕೆಯುಳ್ಳ ವೃದ್ಧ ಕಾಲಪುರುಷನೂ ಅಮರತ್ವದ ದೇವತೆಯೂ ವಾಷಿಂಗ್ಟನ್ನನನ್ನು ಸಮಾಧಿಯಿಂದ ಮೇಲಕ್ಕೆತ್ತುತ್ತಿದ್ದಾರೆ. ಕೆಳಗೆ ಸ್ತ್ರೀರೂಪದ ಅಮೆರಿಕ ಶೋಕಿಸುತ್ತಿದ್ದಾಳೆ. ಅವಳ ಕೋಲಿನ ತುದಿಯಲ್ಲೊಂದು ಟೋಪಿ. ಇನ್ನೊಂದು ಪಕ್ಕದಲ್ಲಿ ಆ ನೆಲದ ಮೂಲನಿವಾಸಿಯೊಬ್ಬ ಮುದುಡಿ ಕುಳಿತಿದ್ದಾನೆ. ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಗುಣಗಳೂ ಸ್ತ್ರೀಯರಾಗಿ ಹಿಂದೆ ನಿಂತಿವೆ. ಗುಣಗಳಿಗೆ ದೇಹ ಕೊಡುವ ಈ ರೀತಿ, ಸಂಸ್ಕೃತದ ‘ಪ್ರಬೋಧಚಂದ್ರೋದಯ’ವನ್ನು ಬಲ್ಲ ವಾಚಕರಿಗೆ ಹೊಸದೇನಲ್ಲ.

ಆ ಟೋಪಿಯ ವಿಷಯ ಕೊಂಚ ಹೇಳಬೇಕು. ಪ್ರಾಚೀನ ರೋಮಿನಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದವನು ಅಂಥದನ್ನು ತೊಡುತ್ತಿದ್ದನು. ಗ್ರೀಕ್ ರೋಮನ್ ಮಾದರಿಗಳನ್ನೇ ಆದರ್ಶವೆಂದು ಬಗೆದಿದ್ದ ಅಂದಿನ ಕಲಾವಿದರು ಅದನ್ನು ಸ್ವಾತಂತ್ರ್ಯದ ಗುರುತಾಗಿ ಎತ್ತಿಕೊಂಡರು. ಆದರೆ ವಾಷಿಂಗ್ಟನ್ ತೀರಿಕೊಂಡ ವರ್ಷ ಅವನ ಮೌಂಟ್ ವರ್ನನ್ ಜಮೀನಿನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ ತನಗೆ ಸೇರಿದ್ದ 123 ಮಂದಿಯ ಬಿಡುಗಡೆಗೆ ಅವನು ಉಯಿಲು ಬರೆದಿಟ್ಟಿದ್ದುದು ನಿಜ. ಚಿತ್ರದಲ್ಲಿ ಮಾತ್ರ ಅವರಲ್ಲೊಬ್ಬನೂ ಇಲ್ಲ. ಟೋಪಿಯಿದೆ, ಅದನ್ನು ತೊಡಬೇಕಾದವನಿಲ್ಲ.

1865ರ ಏಪ್ರಿಲಿನಲ್ಲಿ ಅಬ್ರಹಾಂ ಲಿಂಕನ್ನನ ಕೊಲೆಯಾದ ಮೇಲೆ, ಅದೇ ಫಿಲಡೆಲ್ಫಿಯಾದಿಂದ ಅದೇ ಚಿತ್ರ ಕಲ್ಲಚ್ಚಿನಲ್ಲಿ ಮತ್ತೆ ಹೊರಟಿತು. ವಾಷಿಂಗ್ಟನ್ನನ ಮುಖವಿದ್ದಲ್ಲಿ ಲಿಂಕನ್ನನ ಮುಖ. ಉಳಿದುದೆಲ್ಲ ಬಹುಮಟ್ಟಿಗೆ ಹಿಂದಿನಂತೆಯೇ! ಪ್ರಕಾಶಕನಿಗೆ ಶ್ರಮ ಉಳಿಯಿತೆಂದು ನಾವು ನಗಬಹುದು. ಆದರೂ, 1863ರಲ್ಲಿ ಗುಲಾಮರ ವಿಮೋಚನೆಯನ್ನು ಘೋಷಿಸಿದವನ ಸಮಾಧಿಯ ಬಳಿ ಆ ಹಳೆಯ ಟೋಪಿ, ಒಂದು ಗೆರೆಯೂ ಬದಲಾಗದೆ, ತನ್ನ ರೋಮನ್ ಅರ್ಥವನ್ನು ಮರಳಿ ಪಡೆಯಿತೆಂದೇ ನನಗೆ ತೋರುವುದು. ಬಿಡುಗಡೆಯಾದವರಲ್ಲಿ ಒಬ್ಬನನ್ನಾದರೂ ಅಲ್ಲಿ ನಿಲ್ಲಿಸಬೇಕೆಂದು ಈ ಸಲವೂ ಯಾರಿಗೂ ತೋಚಲಿಲ್ಲ. ಮೂಲನಿವಾಸಿ ಮಾತ್ರ ಅದೇ ಜಾಗದಲ್ಲಿ ಮುದುಡಿ ಕುಳಿತೇ ಇದ್ದಾನೆ.