ಕ್ಯಾಷಿಯರ್ ಗೆಳೆಯನ ಒದ್ದೆ ಸ್ಪಂಜು

ತುರುವೇಕೆರೆಯಲ್ಲಿ ನಾನು ಬ್ಯಾಂಕ್ ಗುಮಾಸ್ತನಾಗಿದ್ದ ಕಾಲ. ತಿಪಟೂರಿನಲ್ಲಿ ಕೊಬ್ಬರಿ ಮಾರಿದವರು ಹಣ ಕಟ್ಟಲು ಬಂದರೆ ನಾವೆಲ್ಲ ಬೆರಳಿಗೆ ಎಂಜಲು ಹಚ್ಚಿಕೊಂಡು ನೋಟು ಎಣಿಸುತ್ತಿದ್ದೆವು. (ಮಕ್ಕಳೇ, ನೀವು ಹಾಗೆ ಮಾಡಬೇಡಿ, ಕೊಳಕು ಅಭ್ಯಾಸ.) ಪಕ್ಕದ ಕೌಂಟರಿನ ಕ್ಯಾಷಿಯರ್ ಮಾತ್ರ ಒದ್ದೆ ಸ್ಪಂಜು ಇಟ್ಟುಕೊಂಡಿದ್ದ. ಬಹಳ ಶುಚಿಯ ಮನುಷ್ಯ ಎಂದುಕೊಂಡಿದ್ದೆ. ಅವನ ಬಾಯಿ ಒಣಗಿರುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಕೆನ್ನೆಗಳೂ ಊದಿಕೊಂಡಿದ್ದವು. 'ಸಂಬಳ ಚೆನ್ನಾಗಿ ಮೈಗೆ ಹತ್ತಿದೆ ಕಣಯ್ಯ' ಎಂದು ಗೇಲಿ ಮಾಡುತ್ತಿದ್ದೆ. ಅವನು ದಿನಾ ಸಂಜೆ ಕುಡಿಯುತ್ತಿದ್ದುದು ನನಗೆ ಗೊತ್ತಿತ್ತು. ಅದಕ್ಕೂ ಇದಕ್ಕೂ ನಂಟು ಹಾಕಲಿಲ್ಲ.

ಹಲ್ಲುನೋವೆಂದು ಹೋದಾಗ ದಂತವೈದ್ಯರು ಅವನ ಕಿವಿಯ ಕೆಳಗೆ ಒತ್ತಿ ನೋಡಿ, 'ಎಷ್ಟು ವರ್ಷದಿಂದ ಕುಡೀತೀರಿ?' ಎಂದರಂತೆ.

ಒಂದು ಹಿಡಿ ಅವಲಕ್ಕಿಯನ್ನು ನಿಧಾನವಾಗಿ ಅಗಿದು ನೋಡಿ, ಸಿಹಿಯಾಗುತ್ತದೆ. ಜೊಲ್ಲು ಅದರ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಅದನ್ನು ಕೊಡುವ ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ವರ್ಷಗಟ್ಟಲೆ ಕುಡಿದರೆ ಈ ಗ್ರಂಥಿಗಳನ್ನು ನಡೆಸುವ ನರಗಳು ಕೆಡುತ್ತವೆ. ಕಿವಿಯ ಮುಂದಿನ ಗ್ರಂಥಿಯ ಕೋಶಗಳು ಉಬ್ಬುತ್ತವೆ, ಬರಬರುತ್ತಾ ಅಲ್ಲಿ ಕೊಬ್ಬು ತುಂಬುತ್ತದೆ. ಊತ ಎರಡೂ ಕಡೆ, ಆದರೆ ನೋವಿಲ್ಲ. ನೋವಿಲ್ಲದ್ದನ್ನು ಯಾರು ವೈದ್ಯರಿಗೆ ತೋರಿಸುತ್ತಾರೆ? ಜೊಲ್ಲು ಕಡಿಮೆಯಾದರೆ ಹಲ್ಲು ತೊಳೆಯುವವರಿಲ್ಲ, ಹುಳುಕು ಹಿಡಿಯುತ್ತದೆ. ಇಂಥವರಲ್ಲಿ ಪಿತ್ತಜನಕಾಂಗವೂ ಕೆಟ್ಟಿರುವುದು ಸಾಮಾನ್ಯ.

ಹಾಗೆಂದು ಕೆನ್ನೆ ಊದಿದವರನ್ನೆಲ್ಲ ಕುಡುಕರೆನ್ನಬೇಡಿ. ಸಕ್ಕರೆ ಕಾಯಿಲೆಯಲ್ಲೂ, ಪೌಷ್ಟಿಕ ಆಹಾರ ಸಾಲದಿದ್ದರೂ ಹೀಗಾಗುತ್ತದೆ.

ಗೆಳೆಯ ಕುಡಿತ ಬಿಟ್ಟ. ದಿಢೀರನೆ ಬಿಟ್ಟರೆ ಕೆಲವರಿಗೆ ಫಿಟ್ಸ್ ಬರುತ್ತದೆಂದು ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಿದರು. ಊತ ಇಳಿಯಿತು, ಪೂರ್ತಿ ಅಲ್ಲ.

ಮೊನ್ನೆ ಮನೆಗೆ ಬಂದಿದ್ದ. ಮೊಮ್ಮಗ ನನ್ನ ಕಿವಿಯಲ್ಲಿ, 'ತಾತ, ಆ ತಾತಂಗೆ ಮಂಗನಬಾವಾ?' ಎಂದ. ಕೆಟ್ಟ ಪ್ರಶ್ನೆಯೇನಲ್ಲ, ಮಂಗನಬಾವು ಬರುವುದೂ ಅದೇ ಗ್ರಂಥಿಗೆ. ಆದರೆ ಅದಕ್ಕೆ ಜ್ವರ, ನೋವು ಇರುತ್ತದೆ. ನಾನು ಗದರುವಷ್ಟರಲ್ಲಿ ಗೆಳೆಯನಿಗೇ ಕೇಳಿಸಿತು.

'ಇಲ್ಲ ಮರಿ, ಇದು ನಾನೇ ಕುಡಿದು ತಂದ್ಕೊಂಡಿದ್ದು' ಎಂದು ಹುಡುಗನ ಬೆರಳು ಹಿಡಿದು ತನ್ನ ಕೆನ್ನೆ ಮುಟ್ಟಿಸಿದ. ಆಮೇಲೆ ಕೊಬ್ಬರಿ ಮಿಠಾಯಿ ತಿನ್ನಲು ಒಂದು ಲೋಟ ನೀರು ಕೇಳಿದ.