ಕಡಲ ತಳದಲ್ಲಿ ಉಳಿದ ಎಣ್ಣೆ

ಸಿಗಡಿ ಶುಚಿ ಮಾಡುವಾಗ ಅದರ ಬೆನ್ನಿನಲ್ಲಿರುವ ಕಪ್ಪು ಎಳೆಯನ್ನು ನೀವು ತೆಗೆದು ಹಾಕುತ್ತೀರಿ. ಅದು ಸಿಗಡಿಯ ಕರುಳು. ಕಡಲ ತಳದ ಕೆಸರಿನಲ್ಲಿ ಅದು ತಿಂದದ್ದು ಅದರಲ್ಲಿರುತ್ತದೆ. ಅಂದರೆ ನಮ್ಮ ಅಡುಗೆಮನೆಗೂ ಆ ಕೆಸರಿಗೂ ನಾವೆಣಿಸಿದ್ದಕ್ಕಿಂತ ಹತ್ತಿರದ ನಂಟಿದೆ.

ಕೆಸರೆಂದರೆ ನಿರ್ಜೀವ ಮಣ್ಣಲ್ಲ ಸಹೋದರಿಯರೇ. ಹುಳುಗಳು, ಚಿಪ್ಪುಜೀವಿಗಳು, ಏಡಿಗಳು, ಕಣ್ಣಿಗೆ ಕಾಣದ ಅಣುಜೀವಿಗಳು ಅಲ್ಲಿ ತುಂಬಿಕೊಂಡಿವೆ. ರೈತ ಹೊಲ ಉಳುವಂತೆ ಅವು ಕೆಸರನ್ನು ಕೊರೆದು, ತಿರುವಿ, ಆಳಕ್ಕೆ ನೀರು ಮತ್ತು ಆಮ್ಲಜನಕ ಇಳಿಯುವಂತೆ ಮಾಡುತ್ತವೆ. ಮೀನುಗಳ ಆಹಾರ ಸಿದ್ಧವಾಗುವುದೂ ಅಲ್ಲಿಯೇ. ಸೃಷ್ಟಿಕರ್ತನ ವ್ಯವಸ್ಥೆ ಎಷ್ಟು ಸೂಕ್ಷ್ಮ!

ಕೊಲ್ಲಿಯಲ್ಲಿ ನಡೆದದ್ದು

1991ರ ಜನವರಿ. ಕೊಲ್ಲಿ ಯುದ್ಧದ ವೇಳೆ ಇರಾಕ್ ಸೇನೆಯು ಕುವೈತಿನ ತೈಲ ಕೇಂದ್ರಗಳಿಂದ ಕಚ್ಚಾ ತೈಲವನ್ನು ಕಡಲಿಗೆ ಬಿಟ್ಟಿತು. ಹಲವು ಅಂದಾಜುಗಳ ಪ್ರಕಾರ ಅದು 60 ಲಕ್ಷ ಬ್ಯಾರೆಲ್‌ನಷ್ಟಿತ್ತು. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಖಫ್ಜಿಯಿಂದ ಜುಬೈಲ್ ಸಮೀಪದ ಅಬೂ ಅಲಿ ದ್ವೀಪದವರೆಗೆ ಸೌದಿ ಅರೇಬಿಯಾದ ಕರಾವಳಿಗೆ ಎಣ್ಣೆ ಬಳಿಯಿತು. ಸಾವಿರಾರು ಕಡಲ ಹಕ್ಕಿಗಳು ಸತ್ತವು. ಜುಬೈಲ್‌ನಲ್ಲಿ ಕಡಲ ನೀರನ್ನು ಸಿಹಿನೀರಾಗಿಸುವ ಸ್ಥಾವರವನ್ನು ಉಳಿಸಿಕೊಳ್ಳಲು ನೀರಿನ ಮೇಲೆ ತೇಲುವ ತಡೆಗಳನ್ನು ಹಾಕಬೇಕಾಯಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಅನ್ನ ಆ ನಾಡಿನಿಂದಲೇ ಬರುತ್ತದೆ.

ಎಣ್ಣೆಯ ಹಗುರ ಅಂಶ ಆವಿಯಾಗಿ ಹೋಗುತ್ತದೆ. ಉಳಿದದ್ದು ಮರಳು, ಹೂಳಿನೊಂದಿಗೆ ಬೆರೆತು ಭಾರವಾಗಿ ತಳ ಸೇರುತ್ತದೆ. ಕೊಲ್ಲಿಯ ಜೌಗು ತೀರಗಳಲ್ಲಿ ಇನ್ನೊಂದು ಅನಾಹುತವಾಯಿತು. ಏಡಿಗಳು ಕೊರೆದಿದ್ದ ಬಿಲಗಳ ಮೂಲಕವೇ ಎಣ್ಣೆ ಆಳಕ್ಕಿಳಿಯಿತು. ಗಾಳಿ ನೀರಿಗೆಂದು ಮಾಡಿದ್ದ ದಾರಿಯೇ ವಿಷದ ದಾರಿಯಾಯಿತು. ಏಡಿಗಳು ಸತ್ತ ಮೇಲೆ ಕೆಸರನ್ನು ತಿರುವುವವರಿಲ್ಲ. ಎಣ್ಣೆಯನ್ನು ತಿಂದು ಕರಗಿಸುವ ಅಣುಜೀವಿಗಳೇನೋ ಇವೆ. ಆದರೆ ಆಮ್ಲಜನಕವಿಲ್ಲದ ಆಳದಲ್ಲಿ ಅವುಗಳ ಕೆಲಸ ಬಹಳ ನಿಧಾನ. ಮೇಲೆ ಪಾಚಿಯಂತಹ ಪದರವೊಂದು ಚಾಪೆಯಂತೆ ಹರಡಿ, ಉಳಿದ ದಾರಿಯನ್ನೂ ಮುಚ್ಚಿತು.

2002-03ರಲ್ಲಿ ಸಮೀಕ್ಷೆ ನಡೆಸಿದಾಗ ಸೌದಿ ತೀರದಲ್ಲಿ ಎಣ್ಣೆ ಬೆರೆತ ಮಣ್ಣು ಇನ್ನೂ 80 ಲಕ್ಷ ಘನ ಮೀಟರ್‌ನಷ್ಟಿತ್ತು. ಯುದ್ಧ ಮುಗಿದು ಹನ್ನೊಂದು ವರ್ಷ ಕಳೆದಿತ್ತು! ಬಳಿಕ ವಿಶ್ವಸಂಸ್ಥೆಯ ಪರಿಹಾರ ನಿಧಿಯ ನೆರವಿನಿಂದ ದುರಸ್ತಿ ಕೆಲಸ ನಡೆಯಿತು. ಮುಚ್ಚಿಹೋದ ಕಾಲುವೆಗಳನ್ನು ತೋಡಿ ಭರತದ ನೀರು ಒಳಬರುವಂತೆ ಮಾಡಿದ ಕಡೆ ಏಡಿಗಳು ಮರಳಿ ಬಂದವು. ಮನುಷ್ಯ ದಾರಿ ಬಿಟ್ಟುಕೊಟ್ಟರೆ ಅಲ್ಲಾಹನ ಸೃಷ್ಟಿ ಚೇತರಿಸಿಕೊಳ್ಳುತ್ತದೆ.

ನಮ್ಮ ಹೊಣೆ

ಇದು ದೂರದ ಕಥೆಯಲ್ಲ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಬಳಿ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಮುಳುಗಿದಾಗ ಅದರಲ್ಲಿ ನೂರಾರು ಟನ್ ಇಂಧನವಿತ್ತು. ನೆಲದಲ್ಲೂ ಕಡಲಲ್ಲೂ ಕಾಣುವ ಕೆಡುಕು ಮನುಷ್ಯನ ಕೈಗಳ ಗಳಿಕೆಯೆಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ. ಭೂಮಿಯು ನಮಗೆ ಒಪ್ಪಿಸಲಾದ ಅಮಾನತ್ತು.

ಹಡಗುಗಳನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಕಡಲು ಸೇರುವ ಎಣ್ಣೆಯೆಲ್ಲ ಹಡಗಿನದ್ದಲ್ಲ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಚರಂಡಿಗೆ ಸುರಿದರೆ ಮಳೆನೀರಿನೊಂದಿಗೆ ತೋಡು, ಹೊಳೆ ದಾಟಿ ಅದೇ ಕೆಸರನ್ನು ಸೇರುತ್ತದೆ. ನಿಮ್ಮ ಮನೆಯಲ್ಲಿ ವಾಹನ, ದೋಣಿ ಅಥವಾ ಗ್ಯಾರೇಜು ಇರುವವರಿದ್ದರೆ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಇಂದೇ ಕೇಳಿ. ಡಬ್ಬದಲ್ಲಿ ಕೂಡಿಟ್ಟು, ಮರುಬಳಕೆಗೆ ಒಯ್ಯುವವರಿಗೆ ಕೊಡಲು ಹೇಳಿ. ದಾರಿಯಿಂದ ಮುಳ್ಳು ತೆಗೆಯುವುದು ಪುಣ್ಯವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮಾತು ಬಾರದ ಜೀವಿಗಳ ದಾರಿಗೂ ಅದು ಅನ್ವಯಿಸುತ್ತದಲ್ಲವೇ?